ಮಗಳು ಎರಡು ಸಲ ಆಲ್-ಸಿಟಿ ಆಗಿದ್ದಾಳೆ, ಸ್ಕಾಲರ್‌ಶಿಪ್ ಗ್ಯಾರಂಟಿನಾ?

ಪ್ರಶ್ನೆ: ನಮ್ಮದು ಮೂಲ ದಾವಣಗೆರೆ, ಈಗ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದೇವೆ. ಮಗಳು ಹನ್ನೊಂದನೇ ತರಗತಿ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಕಳೆದ ವರ್ಷವೂ ಈ ವರ್ಷವೂ ಆಲ್-ಸಿಟಿ ತಂಡದಲ್ಲಿ ಅವಳ ಹೆಸರು ಬಂತು. ಮೂರನೇ ಸಲವೂ ಬಂದರೆ ಕಾಲೇಜಿಗೆ ಪೂರ್ತಿ ಸ್ಕಾಲರ್‌ಶಿಪ್ ಗ್ಯಾರಂಟಿ ಅಂತ ಪರಿಚಯದವರು ಹೇಳುತ್ತಾರೆ. ಬೇಸಿಗೆಗೆ ಕ್ಲಬ್ ತಂಡದವರು ಜಾಸ್ತಿ ದುಡ್ಡು ಕೇಳುತ್ತಿದ್ದಾರೆ. ಊರಲ್ಲಿ ನಮ್ಮಪ್ಪ, ಆಟ ಸಾಕು, ಓದಲಿ ಅಂತಾರೆ. ಅವಳು ಮಾತ್ರ ಮುಂದಿನ ವರ್ಷ ಹೆಸರು ಬರದಿದ್ದರೆ ಏನು ಗತಿ ಅಂತ ಈಗಲೇ ಕೊರಗುತ್ತಿದ್ದಾಳೆ. ಮೊಣಕಾಲು ನೋವು ಬೇರೆ. ನಾವು ಎಚ್-1ಬಿ ವೀಸಾದಲ್ಲಿದ್ದೇವೆ. ಏನು ಮಾಡಬೇಕು?

ಉತ್ತರ: ಮೊದಲು ಮಗಳಿಗೆ ನನ್ನ ಕಡೆಯಿಂದ ಶಭಾಷ್ ಹೇಳಿ. ನ್ಯೂಯಾರ್ಕಿನಂಥ ಊರಲ್ಲಿ ಎರಡು ವರ್ಷ ಸತತವಾಗಿ ಆ ಪಟ್ಟಿಗೆ ಬರುವುದು ಸಣ್ಣ ಮಾತಲ್ಲ. ಇನ್ನು ಗ್ಯಾರಂಟಿ ವಿಷಯ. ಇಲ್ಲ. ಮೂರನೇ ಸಲ ಬಂದರೂ ಇಲ್ಲ. ಹಾಗಂತ ಅದಕ್ಕೆ ಬೆಲೆಯಿಲ್ಲ ಅಂತ ನಾನು ಹೇಳುತ್ತಿಲ್ಲ. ಆ ಗೌರವ ಮುಗಿದುಹೋದ ಒಂದು ವರ್ಷದ ಲೆಕ್ಕ. ಅದನ್ನು ಮುಂದಿನ ವರ್ಷಕ್ಕೂ ಕಾಪಾಡಿಕೊಳ್ಳಬೇಕಾದ ಆಸ್ತಿ ಅಂದುಕೊಂಡ ದಿನದಿಂದ ಮಗು ಆಡುವುದನ್ನು ಬಿಟ್ಟು ಕಾವಲು ಕಾಯಲು ಶುರು ಮಾಡುತ್ತದೆ. ನಿಮ್ಮ ಮಗಳ ಕೊರಗು ಅದೇ ಅಂತ ನನಗೆ ಅನಿಸುತ್ತದೆ, ಹಾಗಾಗಿ ಸ್ಕಾಲರ್‌ಶಿಪ್‌ಗಿಂತ ಮೊದಲು ಅದರ ಬಗ್ಗೆಯೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಊರಲ್ಲಿ ಕೂತು ಓದುವವರಿಗೆ ಎರಡು ಮಾತು. ಅಮೆರಿಕದ ಹೈಸ್ಕೂಲ್ ಆಟದಲ್ಲಿ ಸೀಸನ್ ಮುಗಿದ ಮೇಲೆ ಆ ನಗರದ ಕೋಚ್‌ಗಳು ಅಥವಾ ಪತ್ರಿಕೆಗಳ ಕ್ರೀಡಾ ವರದಿಗಾರರು ಸೇರಿ ಆ ವರ್ಷದ ಅತ್ಯುತ್ತಮ ಆಟಗಾರರ ಪಟ್ಟಿ ಮಾಡುತ್ತಾರೆ, ಅದೇ ಆಲ್-ಸಿಟಿ. ಮೊದಲ ತಂಡ, ಎರಡನೇ ತಂಡ, ಅದರ ಮೇಲೆ ವರ್ಷದ ಆಟಗಾರ್ತಿ ಅಂತ ಒಬ್ಬಳು. ಈ ತಂಡ ಒಟ್ಟಿಗೆ ಆಡಲೇಬೇಕು ಅಂತೇನೂ ಇಲ್ಲ. ಅದು ಹೆಸರಿನ ಗೌರವ. ನ್ಯೂಯಾರ್ಕಿನಲ್ಲಿ ಸರ್ಕಾರಿ ಶಾಲೆಗಳಿಗೆ ಪಿಎಸ್‌ಎಎಲ್ ಅಂತ ಒಂದು ಲೀಗ್, ಕ್ಯಾಥೊಲಿಕ್ ಶಾಲೆಗಳಿಗೆ ಸಿಎಚ್‌ಎಸ್‌ಎಎ ಅಂತ ಇನ್ನೊಂದು. ನಮ್ಮಲ್ಲಿ ಶಾಲಾ ಟೂರ್ನಿಯಲ್ಲಿ ಬೆಸ್ಟ್ ಬ್ಯಾಟ್ಸ್‌ಮನ್ ಕಪ್ ಕೊಡುವುದು ಒಂದು ವಾರದ ಆಟಕ್ಕೆ. ಇದು ಇಡೀ ಚಳಿಗಾಲದ ಆಟಕ್ಕೆ.

ಈ ಪಟ್ಟಿ ಅಳೆಯುವುದು ಏನನ್ನು? ಈ ವರ್ಷ, ಈ ಊರಲ್ಲಿ, ಆಯ್ಕೆ ಮಾಡುವವರ ಕಣ್ಣಿಗೆ ಬಿದ್ದವರಲ್ಲಿ ಯಾರು ಮೇಲು ಅಂತ. ಮತ ಹಾಕುವವರು ಎಲ್ಲ ಪಂದ್ಯಗಳನ್ನೂ ನೋಡುವುದು ಸಾಧ್ಯವಿಲ್ಲ, ಹಾಗಾಗಿ ಪಾಯಿಂಟ್ಸ್ ಜಾಸ್ತಿ ಹೊಡೆದವರು ಮತ್ತು ಗೆದ್ದ ತಂಡದವರು ಬೇಗ ಕಣ್ಣಿಗೆ ಬೀಳುತ್ತಾರೆ. ಎದುರಾಳಿಯ ಒಳ್ಳೇ ಆಟಗಾರ್ತಿಯನ್ನು ಎಲ್ಲ ಪಂದ್ಯದಲ್ಲೂ ಕಟ್ಟಿಹಾಕಿದ ಹುಡುಗಿಯ ಹೆಸರು ಎಲ್ಲೂ ಬರದೇ ಇರಬಹುದು. ಅದು ಯಾರ ಕುತಂತ್ರವೂ ಅಲ್ಲ. ಎಣಿಸಲು ಸುಲಭವಾದದ್ದನ್ನು ಜನ ಎಣಿಸುತ್ತಾರೆ.

ಈಗ ಎರಡು ಸಲ ಹೆಸರು ಬಂದ ಹುಡುಗಿಗೆ ಮೂರನೇ ವರ್ಷ ಏನಾಗುತ್ತದೆ ನೋಡಿ. ಎದುರು ತಂಡದ ಕೋಚ್ ಪಂದ್ಯಕ್ಕೆ ಒಂದು ವಾರ ಮೊದಲೇ ಅವಳ ವಿಡಿಯೋ ಹಾಕಿಕೊಂಡು ಕೂರುತ್ತಾರೆ. ಅವಳು ಬಲಗಡೆಗೇ ಜಾಸ್ತಿ ಹೋಗುತ್ತಾಳಾ, ಸುಸ್ತಾದಾಗ ಯಾವ ಶಾಟ್ ಹೊಡೆಯುತ್ತಾಳೆ, ಎಲ್ಲ ಬರೆದುಕೊಳ್ಳುತ್ತಾರೆ. ಆಮೇಲೆ ಬಾಕ್ಸ್-ಅಂಡ್-ಒನ್ ಹಾಕುತ್ತಾರೆ, ಅಂದರೆ ನಾಲ್ಕು ಜನ ಬುಟ್ಟಿಯ ಸುತ್ತ ಚೌಕ ಕಟ್ಟಿ ನಿಲ್ಲುತ್ತಾರೆ, ಐದನೆಯವಳು ನಿಮ್ಮ ಮಗಳನ್ನು ಬಿಟ್ಟು ಅಲ್ಲಾಡುವುದಿಲ್ಲ. ಇಲ್ಲವೇ ಚೆಂಡು ಕೈಗೆ ಬಂದ ತಕ್ಷಣ ಇಬ್ಬರು ಬಂದು ಮುತ್ತುತ್ತಾರೆ. ಅವಳ ಪಾಯಿಂಟ್ಸ್ ಇಳಿಯುತ್ತದೆ. ಊರೆಲ್ಲ, ಹೋದ ವರ್ಷದ ಆಟ ಇಲ್ಲವಲ್ಲ ಅಂತ ಮಾತಾಡುತ್ತದೆ. ನಿಜ ಏನೆಂದರೆ ಅವಳ ಮೇಲೆ ಇಬ್ಬರು ಬಿದ್ದಿದ್ದಾರೆ ಅಂದರೆ ಉಳಿದ ನಾಲ್ವರನ್ನು ನೋಡಿಕೊಳ್ಳಲು ಮೂವರೇ ಇದ್ದಾರೆ. ಆ ಖಾಲಿ ಜಾಗ ಹುಟ್ಟಿದ್ದೇ ಅವಳಿಂದ, ಆದರೆ ಅಂಕಪಟ್ಟಿಯಲ್ಲಿ ಅದು ಇನ್ನೊಬ್ಬಳ ಹೆಸರಿನ ಮುಂದೆ ಬರುತ್ತದೆ.

ಇಲ್ಲಿ ಮಗಳು ಎರಡರಲ್ಲಿ ಒಂದು ದಾರಿ ಹಿಡಿಯುತ್ತಾಳೆ. ಹೆಸರು ಉಳಿಸಿಕೊಳ್ಳಬೇಕು ಅಂತ ಇಬ್ಬರ ಮೇಲೂ ನುಗ್ಗಿ ಕೆಟ್ಟ ಶಾಟ್ ಹೊಡೆಯಬಹುದು. ಅಥವಾ ಮುತ್ತಿಗೆ ಬೀಳುವ ಮುಂಚೆಯೇ ಪಾಸ್ ಮಾಡುವುದು, ಚೆಂಡಿಲ್ಲದಾಗ ಓಡಾಡಿ ಜಾಗ ಮಾಡಿಕೊಳ್ಳುವುದು, ಎಡಗೈ ಪಳಗಿಸುವುದು, ಮೂರು ಪಾಯಿಂಟ್ ಗೆರೆಯ ಹೊರಗಿಂದ ನಿಂತು ಹೊಡೆಯುವುದು, ಇದನ್ನೆಲ್ಲ ಕಲಿಯಬಹುದು. ಎರಡನೇ ದಾರಿಯಲ್ಲಿ ಆಲ್-ಸಿಟಿ ತಪ್ಪಿದರೂ ತಪ್ಪಬಹುದು, ಆದರೆ ಕಾಲೇಜಿನ ಕೋಚ್ ಹುಡುಕುವುದು ಅದನ್ನೇ. ಅವರ ಹತ್ತಿರ ಇರುವ ಹನ್ನೆರಡು ಹದಿನೈದು ಜನರೂ ತಮ್ಮ ತಮ್ಮ ಊರಿನ ಹೀರೋಗಳೇ. ಹತ್ತಿಪ್ಪತ್ತು ಪಾಯಿಂಟ್ ಹೊಡೆಯುವವರಿಗೆ ಅಲ್ಲಿ ಬರವಿಲ್ಲ. ಬೆಂಚಿನಿಂದ ಎದ್ದು ಬಂದು ಆರು ನಿಮಿಷ ತಪ್ಪಿಲ್ಲದೆ ಆಡಿ, ಕೂತಾಗಲೂ ಮುಖ ಗಂಟು ಹಾಕದೆ ಇರುವವರಿಗೆ ಬರ. ಮುಂದಿನ ಸೀಸನ್‌ನಲ್ಲಿ ಅವಳಿಗೆ ಬೇರೆ ಲೆಕ್ಕ ಇಡಲು ಹೇಳಿ. ಇಬ್ಬರು ಮುತ್ತಿದಾಗ ಎಷ್ಟು ಸಲ ಚೆಂಡು ಕಳೆದುಕೊಂಡೆ, ಎಷ್ಟು ಸಲ ಸರಿಯಾದ ಜಾಗಕ್ಕೆ ದಾಟಿಸಿದೆ. ಪಾಯಿಂಟ್ಸ್ ಬೇರೆಯವರು ಹೇಗೂ ಎಣಿಸುತ್ತಾರೆ.

ಕ್ವೀನ್ಸ್‌ನಲ್ಲೇ ಇದ್ದೀರಲ್ಲ, ನಿಮ್ಮ ಸುತ್ತಲಿನ ಹೆಸರುಗಳನ್ನೇ ನೋಡಿ. ಲೆಫ್ರಾಕ್ ಸಿಟಿಯಲ್ಲಿ ಬೆಳೆದ ಕೆನ್ನಿ ಆಂಡರ್ಸನ್ ಆರ್ಚ್‌ಬಿಷಪ್ ಮೊಲಾಯ್ ಶಾಲೆಯಲ್ಲಿ ಆಡಿದವರು. ಹೈಸ್ಕೂಲಿನ ನಾಲ್ಕೂ ವರ್ಷ ಆಲ್-ಸಿಟಿ. ಆ ಶಾಲೆಯ ಕೋಚ್ ಜ್ಯಾಕ್ ಕರನ್ 1958ರಿಂದ 2013ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಆಂಡರ್ಸನ್ ಜಾರ್ಜಿಯಾ ಟೆಕ್‌ಗೆ ಹೋಗಿ 1990ರಲ್ಲಿ ಫೈನಲ್ ಫೋರ್, ಅಂದರೆ ಕಾಲೇಜುಗಳ ರಾಷ್ಟ್ರೀಯ ಟೂರ್ನಿಯ ಕೊನೆಯ ನಾಲ್ಕರ ಘಟ್ಟ, ಆಡಿದರು, 1991ರ ಡ್ರಾಫ್ಟ್‌ನಲ್ಲಿ (ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸುವುದು) ಎರಡನೆಯವರಾಗಿ ಎನ್‌ಬಿಎ ಸೇರಿದರು, 1994ರಲ್ಲಿ ಆಲ್-ಸ್ಟಾರ್ ಆದರು. ಆಟ ನಿಂತ ಮೇಲೆ 2005ರಲ್ಲಿ ದಿವಾಳಿ ಅರ್ಜಿ ಹಾಕಬೇಕಾಯಿತು. ಆಮೇಲೆ ಮತ್ತೆ ಓದಲು ಕೂತು 2010ರಲ್ಲಿ ಪದವಿ ಮುಗಿಸಿದರು, ಕಾಲೇಜು ಕೋಚ್ ಆದರು. ಆ ಕೊನೆಯ ಭಾಗ ನನಗೆ ಬಹಳ ಇಷ್ಟ. ನಗರದ ದೊರೆ ಅನಿಸಿಕೊಂಡವನು ನಡುವಯಸ್ಸಿನಲ್ಲಿ ಪುಸ್ತಕ ಹಿಡಿದು ಕ್ಲಾಸಿಗೆ ಹೋಗುವುದು ಸುಲಭವಲ್ಲ.

ಅವರ ಹೈಸ್ಕೂಲ್ ಪಾಯಿಂಟ್ಸ್ ದಾಖಲೆಯನ್ನು ದಾಟಿದವರು ಬ್ರೂಕ್ಲಿನ್‌ನ ಲಿಂಕನ್ ಶಾಲೆಯ ಸೆಬಾಸ್ಟಿಯನ್ ಟೆಲ್‌ಫೇರ್. ಮೂರು ವರ್ಷ ಸತತ ಪಿಎಸ್‌ಎಎಲ್ ಚಾಂಪಿಯನ್, 2004ರಲ್ಲಿ ಕಾಲೇಜಿಗೆ ಹೋಗದೆ ನೇರ ಎನ್‌ಬಿಎಗೆ, ಹದಿಮೂರನೇ ಆಯ್ಕೆ. ಹಲವು ತಂಡ ಸುತ್ತಿದರು, ಊರು ಕಂಡ ಕನಸಿನಷ್ಟು ಎತ್ತರಕ್ಕೆ ಏರಲಿಲ್ಲ. ಅದಕ್ಕೂ ಮುಂಚೆ, ಆಗ ಲ್ಯೂ ಆಲ್ಸಿಂಡರ್ ಅಂತಿದ್ದ ಕರೀಮ್ ಅಬ್ದುಲ್-ಜಬ್ಬಾರ್, ಮ್ಯಾನ್‌ಹಟನ್‌ನ ಪವರ್ ಮೆಮೋರಿಯಲ್ ಶಾಲೆಯಲ್ಲಿ 71 ಪಂದ್ಯ ಸತತ ಗೆದ್ದ ತಂಡದ ಕೇಂದ್ರವಾಗಿದ್ದರು. ಅವರ ಕೋಚ್ ಜ್ಯಾಕ್ ಡೊನಹ್ಯೂ ಪತ್ರಿಕೆಯವರನ್ನೂ ಕಾಲೇಜಿನವರನ್ನೂ ಹುಡುಗನ ಹತ್ತಿರ ಸುಳಿಯಲು ಬಿಡುತ್ತಿರಲಿಲ್ಲ. ಈಗ ಫೋನೇ ಪತ್ರಿಕೆ ಆಗಿರುವಾಗ ಆ ಗೋಡೆ ಕಟ್ಟುವ ಕೆಲಸ ಅಪ್ಪ ಅಮ್ಮನದು. ಸೀಸನ್ ನಡೆಯುವಾಗ ರ‍್ಯಾಂಕಿಂಗ್ ಪುಟಗಳನ್ನು ಮನೆಯಲ್ಲಿ ಯಾರೂ ಅವಳಿಗೆ ಓದಿ ಹೇಳಬೇಡಿ. ಒಳ್ಳೇದಿದ್ದರೂ ಬೇಡ.

ಹುಡುಗಿಯರಲ್ಲಿ ನಾನು ಹೇಳಲೇಬೇಕಾದ ಹೆಸರು ಶಮೀಕ್ ಹೋಲ್ಡ್ಸ್‌ಕ್ಲಾ. ಅಸ್ಟೋರಿಯಾದಲ್ಲಿ ಅಜ್ಜಿಯ ಆಸರೆಯಲ್ಲಿ ಬೆಳೆದವರು. ಕ್ವೀನ್ಸ್‌ನ ಕ್ರೈಸ್ಟ್ ದಿ ಕಿಂಗ್ ಶಾಲೆಗೆ ನಾಲ್ಕು ವರ್ಷ ನಾಲ್ಕು ರಾಜ್ಯ ಪ್ರಶಸ್ತಿ, ಆಮೇಲೆ ಟೆನೆಸ್ಸಿ ವಿಶ್ವವಿದ್ಯಾಲಯಕ್ಕೆ 1996, 1997, 1998ರಲ್ಲಿ ಮೂರು ರಾಷ್ಟ್ರೀಯ ಪ್ರಶಸ್ತಿ, 1999ರಲ್ಲಿ ಮಹಿಳೆಯರ ವೃತ್ತಿಪರ ಲೀಗ್ ಡಬ್ಲ್ಯೂಎನ್‌ಬಿಎ ಡ್ರಾಫ್ಟ್‌ನಲ್ಲಿ ಮೊದಲ ಹೆಸರು. ಇಷ್ಟೆಲ್ಲ ಗೆದ್ದವರು 2004ರಲ್ಲಿ ಸೀಸನ್ ಮಧ್ಯದಲ್ಲೇ ತಂಡದಿಂದ ಹೊರಗುಳಿದರು. ಖಿನ್ನತೆಯ ಜೊತೆ ಹೋರಾಡುತ್ತಿದ್ದೆ ಅಂತ ಆಮೇಲೆ ತಾವೇ ಬಾಯಿಬಿಟ್ಟು ಹೇಳಿದರು, ಈಗ ಮಾನಸಿಕ ಆರೋಗ್ಯದ ಬಗ್ಗೆ ಊರೂರಿಗೆ ಹೋಗಿ ಮಾತಾಡುತ್ತಾರೆ. ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ಗೆಲ್ಲುತ್ತಿರುವ ಮಗು ಸಂತೋಷವಾಗಿಯೇ ಇರುತ್ತದೆ ಅಂತ ನಾವು ಸುಮ್ನೆ ಅಂದುಕೊಂಡುಬಿಡುತ್ತೇವೆ ಅಲ್ವಾ, ಅದು ತಪ್ಪು. ಕೊರಗುತ್ತಿದ್ದಾಳೆ ಅಂತ ನೀವೇ ಬರೆದಿದ್ದೀರಿ. ಆ ಕೊರಗು ನಿದ್ದೆಗೂ ಊಟಕ್ಕೂ ತಟ್ಟುತ್ತಿದ್ದರೆ ಶಾಲೆಯ ಕೌನ್ಸೆಲರ್ ಹತ್ತಿರ ಮಾತಾಡಿಸಿ, ಸೀಸನ್ ಶುರುವಾಗುವವರೆಗೆ ಕಾಯಬೇಡಿ.

ಪಟ್ಟಿಯಲ್ಲಿ ಹೆಸರು ಬರದೆ ಹೋದರೆ ಏನಾಗುತ್ತದೆ ಅಂತ ಅವಳು ಕೇಳಿದರೆ ನಮ್ಮ ಕಡೆಯದೇ ಒಂದು ಉದಾಹರಣೆ ಹೇಳಿ. 1987ರಲ್ಲಿ ಬಾಂಬೆಯ ಶಾಲಾ ಕ್ರಿಕೆಟ್‌ನಲ್ಲಿ ರನ್ ಸುರಿಸುತ್ತಿದ್ದ ಸಚಿನ್ ತೆಂಡೂಲ್ಕರ್‌ಗೆ ನಗರದ ಕ್ರಿಕೆಟ್ ಸಂಸ್ಥೆಯ ಅತ್ಯುತ್ತಮ ಕಿರಿಯ ಆಟಗಾರ ಪ್ರಶಸ್ತಿ ಸಿಗಲಿಲ್ಲ. ಹುಡುಗ ಬೇಜಾರಾಗಿದ್ದ. ಸುನಿಲ್ ಗವಾಸ್ಕರ್ ಅವನಿಗೆ ಕಾಗದ ಬರೆದು, ಆ ಪ್ರಶಸ್ತಿ ಪಡೆದವರ ಪಟ್ಟಿಯಲ್ಲಿ ತಮ್ಮ ಹೆಸರೂ ಇಲ್ಲ ಅನ್ನುವುದನ್ನು ಸೂಚಿಸಿ ಸಮಾಧಾನ ಹೇಳಿದರು. ಮುಂದಿನ ಫೆಬ್ರವರಿಯಲ್ಲಿ ಶಾಲಾ ಟೂರ್ನಿ ಹ್ಯಾರಿಸ್ ಶೀಲ್ಡ್‌ನಲ್ಲಿ ವಿನೋದ್ ಕಾಂಬ್ಳಿ ಜೊತೆ ಸೇರಿ 664 ರನ್‌ಗಳ ಜೊತೆಯಾಟ, 1989ರ ನವೆಂಬರ್‌ನಲ್ಲಿ ಕರಾಚಿಯಲ್ಲಿ ಮೊದಲ ಟೆಸ್ಟ್.

ಮೊಣಕಾಲಿನ ವಿಷಯಕ್ಕೆ ಬರುತ್ತೇನೆ, ಇದರಲ್ಲಿ ತಡ ಬೇಡ. ಹಾರಿ ಇಳಿಯುವ, ಓಡುತ್ತಾ ಥಟ್ಟನೆ ತಿರುಗುವ ಆಟಗಳಲ್ಲಿ ಎಸಿಎಲ್ ಅನ್ನುವ ಮೊಣಕಾಲಿನ ಒಳಗಿನ ಕಟ್ಟು ಹರಿಯುವ ಸಾಧ್ಯತೆ ಹುಡುಗರಿಗಿಂತ ಹುಡುಗಿಯರಲ್ಲಿ ಹಲವು ಪಟ್ಟು ಜಾಸ್ತಿ. ಎಲ್ಲ ನೋವೂ ಅದಲ್ಲ, ಈ ವಯಸ್ಸಲ್ಲಿ ಮಂಡಿಚಿಪ್ಪಿನ ಕೆಳಗಿನ ನೋವು ಜಾಸ್ತಿ ಆಡಿದ್ದಕ್ಕೆ ಬರುವುದು ಸಾಮಾನ್ಯ. ಆದರೆ ಯಾವ ನೋವು ಅಂತ ಹೇಳಬೇಕಾದವರು ಸ್ಪೋರ್ಟ್ಸ್ ಮೆಡಿಸಿನ್ ಡಾಕ್ಟರ್, ಕ್ಲಬ್ ಕೋಚ್ ಅಲ್ಲ. ಇಳಿಯುವಾಗ ಮಂಡಿ ಒಳಕ್ಕೆ ವಾಲದಂತೆ ಇಳಿಯುವುದು, ತೊಡೆಯ ಹಿಂಭಾಗ ಮತ್ತು ಸೊಂಟದ ಸ್ನಾಯು ಗಟ್ಟಿ ಮಾಡುವುದು, ಇಂಥ ವಾರ್ಮ್-ಅಪ್ ಕ್ರಮ ತಪ್ಪದೆ ಮಾಡಿದರೆ ಈ ಗಾಯ ಕಡಿಮೆಯಾಗುತ್ತದೆ ಅನ್ನುವುದು ಚೆನ್ನಾಗಿ ಗೊತ್ತಿರುವ ಸಂಗತಿ. ಷಿಕಾಗೋದ ಸಿಮಿಯನ್ ಶಾಲೆಯ ಜಬಾರಿ ಪಾರ್ಕರ್ ನಾಲ್ಕು ವರ್ಷವೂ ರಾಜ್ಯ ಚಾಂಪಿಯನ್, 2012 ಮತ್ತು 2013ರಲ್ಲಿ ಇಲಿನಾಯ್ ರಾಜ್ಯದ ಅತ್ಯುತ್ತಮ ಹೈಸ್ಕೂಲ್ ಆಟಗಾರನಿಗೆ ಕೊಡುವ ಮಿಸ್ಟರ್ ಬ್ಯಾಸ್ಕೆಟ್‌ಬಾಲ್, 2014ರ ಡ್ರಾಫ್ಟ್‌ನಲ್ಲಿ ಎರಡನೆಯವರು. 2014ರ ಡಿಸೆಂಬರ್‌ನಲ್ಲಿ ಎಡ ಮೊಣಕಾಲಿನ ಎಸಿಎಲ್ ಹರಿಯಿತು, 2017ರ ಫೆಬ್ರವರಿಯಲ್ಲಿ ಅದೇ ಕಾಲಿಗೆ ಮತ್ತೆ ಅದೇ ಪೆಟ್ಟು. ಅಷ್ಟು ಒಳ್ಳೇ ವೈದ್ಯರು ಸುತ್ತ ಇದ್ದವರಿಗೇ ಹಾಗಾಯಿತು. ಬೇಸಿಗೆಯಲ್ಲಿ ಒಂದಿಷ್ಟು ವಾರ ಚೆಂಡು ಮುಟ್ಟದೆ ಇದ್ದರೆ ಅವಳ ಆಟ ಎಲ್ಲೂ ಓಡಿಹೋಗುವುದಿಲ್ಲ.

ದುಡ್ಡಿನ ಮಾತು. ಅಮೆರಿಕದ ಕಾಲೇಜು ಕ್ರೀಡೆ ನೋಡಿಕೊಳ್ಳುವ ಸಂಸ್ಥೆಯಾದ ಎನ್‌ಸಿಎಎ ಲೆಕ್ಕದ ಪ್ರಕಾರ ಹೈಸ್ಕೂಲಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವ ಹುಡುಗಿಯರಲ್ಲಿ ಕಾಲೇಜು ಮಟ್ಟಕ್ಕೆ ಹೋಗುವವರು ನೂರಕ್ಕೆ ನಾಲ್ಕರ ಆಸುಪಾಸು, ಎಲ್ಲಕ್ಕಿಂತ ಮೇಲಿನ ಹಂತವಾದ ಒಂದನೇ ಡಿವಿಷನ್‌ಗೆ ಒಂದು ಚಿಲ್ಲರೆ. ಆಲ್-ಸಿಟಿ ಆದವಳಿಗೆ ಈ ಸರಾಸರಿಗಿಂತ ಒಳ್ಳೇ ಅವಕಾಶ ಖಂಡಿತ ಇದೆ. ಆದರೆ ಈಚಿನ ವರ್ಷಗಳಲ್ಲಿ ದಾರಿ ಕಿರಿದಾಗಿದೆ. 2021ರಿಂದ ಕಾಲೇಜು ಬದಲಿಸಿದವರು ಒಂದು ವರ್ಷ ಹೊರಗೆ ಕೂರದೆ ತಕ್ಷಣ ಆಡಬಹುದು ಅಂತಾಯಿತು, ಹಾಗಾಗಿ ಹದಿನೇಳರ ಹುಡುಗಿಗಿಂತ ಇಪ್ಪತ್ತೊಂದರ ಅನುಭವಸ್ಥೆಯನ್ನು ತರೋಣ ಅಂತ ಎಷ್ಟೋ ಕೋಚ್‌ಗಳು ಯೋಚಿಸುತ್ತಾರೆ. 2025ರ ಜೂನ್‌ನಲ್ಲಿ ಎನ್‌ಸಿಎಎ ಮೇಲಿನ ದಾವೆಯಲ್ಲಿ ಕೋರ್ಟ್ ಒಪ್ಪಿದ ಇತ್ಯರ್ಥದ ನಂತರ, ಅದಕ್ಕೆ ಸೇರಿದ ಕಾಲೇಜುಗಳಲ್ಲಿ ಸ್ಕಾಲರ್‌ಶಿಪ್ ಸಂಖ್ಯೆಯ ಮಿತಿ ಹೋಗಿ ತಂಡದಲ್ಲಿ ಇರುವವರ ಸಂಖ್ಯೆಗೆ ಮಿತಿ ಬಂತು, ಮಹಿಳಾ ಬ್ಯಾಸ್ಕೆಟ್‌ಬಾಲ್‌ಗೆ ಅದು 15. ಯಾರಿಂದಾದರೂ ಪೂರ್ತಿ ಸ್ಕಾಲರ್‌ಶಿಪ್ ಮಾತು ಬಂದರೆ ಎಷ್ಟು ಹಣ, ಎಷ್ಟು ವರ್ಷಕ್ಕೆ, ಗಾಯವಾದರೆ ಏನು, ಮೂರನ್ನೂ ಬರಹದಲ್ಲಿ ಕೇಳಿ.

ಕ್ಲಬ್‌ನವರಿಗೆ ಒಂದೇ ಪ್ರಶ್ನೆ ಹಾಕಿ: ಕಳೆದ ಬೇಸಿಗೆಯಲ್ಲಿ ನಿಮ್ಮ ತಂಡದ ಯಾವ ಹುಡುಗಿಯರು ಯಾವ ಕಾಲೇಜಿಗೆ ಹೋದರು? ಬೇಸಿಗೆಯ ಕ್ಲಬ್ ಟೂರ್ನಿಗಳಿಗೆ, ಅದರಲ್ಲೂ ಜುಲೈನಲ್ಲಿ, ಕಾಲೇಜು ಕೋಚ್‌ಗಳು ಬರುವುದು ನಿಜ, ಹಾಗಾಗಿ ಕ್ಲಬ್ ಪೂರ್ತಿ ದಂಡ ಅಂತ ನಾನು ಹೇಳುವುದಿಲ್ಲ. ಆದರೆ ಸಾಲ ಮಾಡಿ ಆಡಿಸಬೇಡಿ. ಮಗಳೇ ಕೂತು, ತನ್ನ ಓದಿನ ಅಂಕ, ಎತ್ತರ, ಆಡುವ ಸ್ಥಾನ, ಮೂರು ನಿಮಿಷದ ವಿಡಿಯೋ ಮತ್ತು ಒಂದು ಇಡೀ ಪಂದ್ಯದ ವಿಡಿಯೋ ಹಾಕಿ ಇಪ್ಪತ್ತು ಮೂವತ್ತು ಕೋಚ್‌ಗಳಿಗೆ ಮೇಲ್ ಬರೆಯಲಿ. ನೀವು ಬರೆಯಬೇಡಿ. ಅಪ್ಪ ಬರೆದ ಮೇಲ್ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ನಗರದ ಲೀಗ್‌ನಲ್ಲಿ ಐದಡಿ ಒಂಬತ್ತು ಇಂಚಿನವಳು ಬುಟ್ಟಿಯ ಕೆಳಗೆ ನಿಂತು ರಾಜ್ಯಭಾರ ಮಾಡಬಹುದು, ಒಂದನೇ ಡಿವಿಷನ್‌ನಲ್ಲಿ ಅದೇ ಎತ್ತರದವಳು ಹೊರಗಿನಿಂದ ಆಡಬೇಕು. ಇಡೀ ಪಂದ್ಯದ ವಿಡಿಯೋ ಕೇಳುವುದು ಅದನ್ನು ನೋಡಲಿಕ್ಕೇ.

ವೀಸಾ ಬಗ್ಗೆ ಯಾರೂ ನಿಮಗೆ ಹೇಳಿರಲಿಕ್ಕಿಲ್ಲ. ಎಚ್-4ನಲ್ಲಿ, ಅಂದರೆ ಎಚ್-1ಬಿಯವರ ಮಕ್ಕಳಿಗೆ ಸಿಗುವ ವೀಸಾದಲ್ಲಿ, ಇರುವ ಮಗಳು ಕ್ರೀಡಾ ಸ್ಕಾಲರ್‌ಶಿಪ್ ಪಡೆಯಬಹುದು, ಅಡ್ಡಿಯಿಲ್ಲ. ಅಮೆರಿಕದ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ಸಿಗುವುದಿಲ್ಲ. ಇನ್ನು ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಹಣ ಪಡೆಯುವ ಎನ್‌ಐಎಲ್ ಅನ್ನುವುದು 2021ರ ಜುಲೈನಿಂದ ಕಾಲೇಜುಗಳಲ್ಲಿ ಬಂದಿದೆ, ಅವಳ ಗೆಳತಿಯರು ಅದರ ಬಗ್ಗೆಯೇ ಮಾತಾಡುತ್ತಿರುತ್ತಾರೆ. ಎಚ್-4ನಲ್ಲಿ ದುಡಿದು ಸಂಪಾದಿಸುವಂತಿಲ್ಲ, ಮುಂದೆ ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾದರೂ ಕಟ್ಟುಪಾಡು ಬಿಗಿಯೇ ಇದೆ. ಊರಿನ ಒಂದು ಅಂಗಡಿಯವರು ಶೂ ಕೊಟ್ಟು ಫೋಟೋ ಹಾಕು ಅಂದರೂ ವಲಸೆ ವಕೀಲರನ್ನು ಕೇಳದೆ ಹ್ಞೂಂ ಅನ್ನಬೇಡಿ. ಆಟದ ಖುಷಿಗೆ ಇಡೀ ಮನೆಯ ವೀಸಾ ಸಿಕ್ಕಿಹಾಕಿಕೊಳ್ಳುವುದು ಬೇಡ. 21 ತುಂಬಿದ ಮೇಲೆ ಎಚ್-4 ನಡೆಯುವುದಿಲ್ಲ ಅನ್ನುವುದೂ ಲೆಕ್ಕದಲ್ಲಿರಲಿ, ಕಾಲೇಜು ಮುಗಿಯುವ ಹೊತ್ತಿಗೇ ಅದು ಬರುತ್ತದೆ.

ಅಜ್ಜನಿಗೆ ಹೇಳಲು ಒಂದು ಒಳ್ಳೇ ಸುದ್ದಿ ಇದೆ. ಆಟ ಬಿಟ್ಟು ಓದು, ಓದು ಬಿಟ್ಟು ಆಟ ಅಂತ ಆರಿಸಿಕೊಳ್ಳಬೇಕಾಗಿಲ್ಲ. ಮೂರನೇ ಡಿವಿಷನ್ ಕಾಲೇಜುಗಳು ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡುವುದಿಲ್ಲ, ಆದರೆ ಅಂಕಕ್ಕೂ ಮನೆಯ ಆದಾಯಕ್ಕೂ ತಕ್ಕಂತೆ ನೆರವು ಕೊಡುವ ಕಾಲೇಜುಗಳು ಅದರಲ್ಲಿ ಬೇಕಾದಷ್ಟಿವೆ. ಎಂಐಟಿ, ಷಿಕಾಗೋ ವಿಶ್ವವಿದ್ಯಾಲಯ, ನಿಮ್ಮೂರಿನ ಎನ್‌ವೈಯು (ನ್ಯೂಯಾರ್ಕ್ ವಿಶ್ವವಿದ್ಯಾಲಯ) ಎಲ್ಲ ಇದೇ ಡಿವಿಷನ್. ಎನ್‌ವೈಯು ಮಹಿಳಾ ತಂಡ 2024 ಮತ್ತು 2025ರಲ್ಲಿ ಒಂದು ಪಂದ್ಯವನ್ನೂ ಸೋಲದೆ ಮೂರನೇ ಡಿವಿಷನ್ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಮುಂದಿನ ಚಳಿಗಾಲದಲ್ಲಿ ಮಗಳನ್ನು ಕರೆದುಕೊಂಡು ಹೋಗಿ ಅವರ ಒಂದು ಪಂದ್ಯ ನೋಡಿ, ಮೂರನೇ ಡಿವಿಷನ್ ಅಂದರೆ ಮೂರನೇ ದರ್ಜೆ ಅನ್ನುವ ಭಾವನೆ ಅಲ್ಲೇ ಹೋಗುತ್ತದೆ. ಹಾರ್ವರ್ಡ್, ಯೇಲ್‌ನಂಥ ಕಾಲೇಜುಗಳ ಐವಿ ಲೀಗ್ ಒಂದನೇ ಡಿವಿಷನ್‌ನಲ್ಲೇ ಆಡಿದರೂ ಕ್ರೀಡಾ ಸ್ಕಾಲರ್‌ಶಿಪ್ ಕೊಡುವುದಿಲ್ಲ, ಕೋಚ್‌ಗೆ ಬೇಕಾದ ಆಟಗಾರ್ತಿಗೆ ಪ್ರವೇಶದಲ್ಲಿ ಒತ್ತಾಸೆ ಸಿಗುತ್ತದೆ, ಅಂಕ ಚೆನ್ನಾಗಿದ್ದರೆ ಮಾತ್ರ. ನನ್ನ ಅನಿಸಿಕೆಯಲ್ಲಿ ನಿಮ್ಮ ಮಗಳಿಗೆ ಎರಡು ಆಲ್-ಸಿಟಿ ಅತಿ ಜಾಸ್ತಿ ಕೆಲಸಕ್ಕೆ ಬರುವುದು ಇಂಥ ಕಡೆಯೇ, ಒಳ್ಳೇ ಅಂಕಪಟ್ಟಿಯ ಪಕ್ಕದಲ್ಲಿ.

ಕೊನೆಯದಾಗಿ, ಈ ವಾರವೇ ಮಾಡಬೇಕಾದ ಕೆಲಸ. ಒಂದನೇ ಡಿವಿಷನ್‌ನಲ್ಲಿ ಆಡಲು ಎನ್‌ಸಿಎಎ 16 ಮುಖ್ಯ ವಿಷಯಗಳ ಕೋರ್ಸ್ ಕೇಳುತ್ತದೆ, ಅವುಗಳಲ್ಲಿ ಕನಿಷ್ಠ 2.3 ಜಿಪಿಎ, ಅಂದರೆ ನಾಲ್ಕಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ. ಆ 16ರಲ್ಲಿ 10, ಅದರೊಳಗೆ ಇಂಗ್ಲಿಷ್, ಗಣಿತ, ವಿಜ್ಞಾನ ಸೇರಿ 7, ಹನ್ನೆರಡನೇ ತರಗತಿ ಶುರುವಾಗುವ ಮುಂಚೆಯೇ ಮುಗಿದಿರಬೇಕು. ಆ ಹತ್ತರ ಅಂಕವನ್ನು ಆಮೇಲೆ ಮತ್ತೆ ಬರೆದು ತಿದ್ದಿಕೊಳ್ಳಲು ಆಗುವುದಿಲ್ಲ. ಶಾಲೆಯ ಎಲ್ಲ ಕೋರ್ಸೂ ಈ ಲೆಕ್ಕಕ್ಕೆ ಬರುವುದಿಲ್ಲ, ಯಾವುದು ಬರುತ್ತದೆ ಅನ್ನುವ ಪಟ್ಟಿ ಪ್ರತಿ ಶಾಲೆಗೂ ಬೇರೆ ಇರುತ್ತದೆ, ಎನ್‌ಸಿಎಎ ಅರ್ಹತಾ ಕೇಂದ್ರದ ಜಾಲತಾಣದಲ್ಲಿ ಸಿಗುತ್ತದೆ. ಮಗಳ ಅಂಕಪಟ್ಟಿ ಹಿಡಿದು ಶಾಲೆಯ ಕೌನ್ಸೆಲರ್ ಮುಂದೆ ಕೂತು ಒಂದೊಂದಾಗಿ ಗುರುತು ಹಾಕಿಸಿ. ಒಂದೋ ಎರಡೋ ಕಮ್ಮಿ ಬಿದ್ದರೆ ಈ ಬೇಸಿಗೆಯ ತರಗತಿಗಳಲ್ಲಿ ತುಂಬಿಸಬಹುದು, ಅದಕ್ಕೂ ಎನ್‌ಸಿಎಎ ಒಪ್ಪಿಗೆ ಇದೆಯಾ ಅಂತ ಮೊದಲೇ ಕೇಳಿ ಸೇರಿಸಿ.